ಅಗ್ಗದ ಕರೆ ಮತ್ತು ‘ಎಲ್ಲ ಆರಾಮ’

ದಮ್ಮಾಮ್‌ನಿಂದ ಭಾಯಿ ಫೋನ್ ಮಾಡಿದಾಗ ಸಲಾಮಿನ ಬೆನ್ನಿಗೇ ಅಮ್ಮಿ ಹೇಳುವ ಮಾತು ‘ಎಲ್ಲ ಆರಾಮ’. ಅವನು ಇನ್ನೂ ಏನನ್ನೂ ಕೇಳಿರುವುದಿಲ್ಲ. ಈ ಎರಡು ಪದ ನಮ್ಮ ಮನೆಗೆ ಬಂದದ್ದು ಐಎಸ್‌ಡಿ ಕಾಲದಲ್ಲಿ, ಮೀಟರಿನ ಕೆಂಪು ಅಂಕಿ ಏರುತ್ತಿರುವಾಗ ಮೊದಲು ಮುಖ್ಯವಾದದ್ದನ್ನು ಹೇಳಿ ಮುಗಿಸಬೇಕು ಎಂಬ ಆತುರದಲ್ಲಿ. ಮೀಟರು ಹೋಯಿತು. ಮಾತಿಗೆ ದುಡ್ಡಿದ್ದಾಗ ಹುಟ್ಟಿದ ಈ ವಾಕ್ಯ, ಮಾತು ಪುಕ್ಕಟೆಯಾದ ಮೇಲೂ ಯಾಕೆ ಉಳಿಯಿತು, ಉಳಿದು ನಮ್ಮಿಂದ ಏನು ಮಾಡಿಸಿತು ಎಂಬುದು ಕೆಲವು ವರ್ಷಗಳಿಂದ ನನ್ನನ್ನು ಬಿಡದ ಪ್ರಶ್ನೆ. ಪಿಎಚ್‌ಡಿಗೆ ನಾನು ಓದುತ್ತಿರುವುದು ಬೇರೆ ವಿಷಯ. ಇದಕ್ಕೆ ಗೈಡ್ ಇಲ್ಲ.

ನಮ್ಮೂರು ಕೆರೆಬಿಳಚಿ. ಚನ್ನಗಿರಿ ತಾಲ್ಲೂಕು, ಸೂಳೆಕೆರೆಗೆ ಹತ್ತಿರ. ಮನೆಯಲ್ಲಿ ನಾವಾಡುವುದು ದಖನಿ ಉರ್ದು, ಬೀದಿಯಲ್ಲಿ ಕನ್ನಡ. ಇಲ್ಲಿ ಬರುವ ಮನೆಮಾತುಗಳನ್ನು ಕನ್ನಡಕ್ಕೆ ತಂದುಕೊಂಡಿದ್ದೇನೆ. ನಾನು ಮೂರನೇ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಚಾಚಾ ಸೌದಿಯಲ್ಲಿದ್ದರು. ಶುಕ್ರವಾರ ಅವರು ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತಿದ್ದರು. ಬೂತಿನವರು ಹುಡುಗನನ್ನು ಮನೆಗೆ ಓಡಿಸುತ್ತಿದ್ದರು. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಬರುವಷ್ಟರಲ್ಲಿ ದಾದಿ, ಚಾಚಿ, ಅಬ್ಬಾ, ಹಿಂದೆ ನಾವು ನಾಲ್ಕೈದು ಮಕ್ಕಳು ಆ ಗಾಜಿನ ಗೂಡಿನ ಮುಂದೆ ಸಾಲು ನಿಂತಿರಬೇಕು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ದಾದಿಗೆ ಮಾತ್ರ ಲೆಕ್ಕವಿಲ್ಲ. ಆದರೆ ದಾದಿ ಆ ಹೊತ್ತಿನಲ್ಲಿ ಅಳುತ್ತಿದ್ದರು, ಹಾಗಾಗಿ ಅವರ ಪಾಲಿನದು ದಂಡ.

ಆ ಕಾಲದ ಫೋನಿನಲ್ಲಿ ಎರಡೇ ಬಗೆಯ ಸುದ್ದಿ ಹೋಗುತ್ತಿತ್ತು. ಒಂದು, ಎಲ್ಲ ಆರಾಮ. ಇನ್ನೊಂದು, ಸಾವು. ನಡುವಿನದೆಲ್ಲ, ಅಂದರೆ ಜ್ವರ, ಸಾಲ, ಅಡಿಕೆ ಕೊಳೆರೋಗ, ಅತ್ತೆ ಸೊಸೆಯ ಮನಸ್ತಾಪ, ಕಾಗದದಲ್ಲಿ ಹೋಗುತ್ತಿತ್ತು. ಕಾಗದ ಮುಟ್ಟುವಾಗ ಜ್ವರ ಬಿಟ್ಟಿರುತ್ತಿತ್ತು, ಅತ್ತೆ ಸೊಸೆ ಮಾತಾಡಿಕೊಂಡಿರುತ್ತಿದ್ದರು. ಹಾಗಾಗಿ ಹೇಳಬೇಕೋ ಬೇಡವೋ ಎಂಬ ಧರ್ಮಸಂಕಟ ಯಾರಿಗೂ ಅಷ್ಟಾಗಿ ಕಾಡುತ್ತಿರಲಿಲ್ಲ. ಅಂಚೆಯೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತಿತ್ತು. ಹಿಂದಿನವರು ನಮಗಿಂತ ಹೆಚ್ಚು ಸತ್ಯವಂತರಾಗಿದ್ದರು ಎಂದು ನಾನು ನಂಬುವುದಿಲ್ಲ. ಅವರಿಗೆ ದರಪಟ್ಟಿಯ ನೆರವಿತ್ತು.

ಆ ದರಪಟ್ಟಿ ಕುಸಿದದ್ದು ನಿಧಾನವಾಗಿ. 2002ರ ಏಪ್ರಿಲ್ 1ಕ್ಕೆ ವಿದೇಶಿ ಕರೆಗಳ ಮೇಲಿದ್ದ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಮುಗಿಯಿತು. ಇಂಟರ್‌ನೆಟ್ ಮೂಲಕ ಮಾತಾಡಲು ಸರ್ಕಾರ ಒಪ್ಪಿಗೆ ಕೊಟ್ಟದ್ದೂ ಅದೇ ದಿನದಿಂದ. ಆದರೆ ಅರ್ಧ ಬಾಗಿಲು ಮಾತ್ರ ತೆರೆದಿತ್ತು. ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾತಾಡಬಹುದು, ಇಂಟರ್‌ನೆಟ್ ಕಂಪನಿಯ ದಾರಿಯಲ್ಲಿ ಬಂದ ಕರೆ ಇಲ್ಲಿನ ಸಾಮಾನ್ಯ ಫೋನಿಗೆ ಇಳಿಯುವಂತಿಲ್ಲ. 2003ರಲ್ಲಿ ಸ್ಕೈಪ್ ಬಂತು. ಅದಕ್ಕೆ ಎರಡೂ ಕಡೆ ಕಂಪ್ಯೂಟರ್ ಬೇಕು, ಇಂಟರ್‌ನೆಟ್ ಬೇಕು. ನಮ್ಮ ದಾದಿಗೆ ಎರಡೂ ಇರಲಿಲ್ಲ. ಆ ಸ್ಕೈಪ್ ಹೋದ ವರ್ಷ, 2025ರ ಮೇ 5ಕ್ಕೆ, ಬಾಗಿಲು ಹಾಕಿತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಒಂದು ದಿನವೂ ಬಳಸಲಿಲ್ಲ.

ಭಾಯಿ ಎಸಿ ಮೆಕ್ಯಾನಿಕ್ ಆಗಿ ಹೋದದ್ದು 2014ರಲ್ಲಿ. ಮೊದಲ ಎರಡು ಮೂರು ವರ್ಷ ಅವನ ಫೋನ್ ಬಂದರೆ ಅಮ್ಮಿಯ ಮೊಬೈಲಿನಲ್ಲಿ ಕಾಣುತ್ತಿದ್ದದ್ದು ಸೌದಿಯ ನಂಬರಲ್ಲ, ಇಲ್ಲಿನದೇ ಯಾವುದೋ ಹತ್ತಂಕಿಯ ನಂಬರು. ಪ್ರತಿಸಲ ಬೇರೆ. ಅಮ್ಮಿ ಒಂದನ್ನು ಸೇವ್ ಮಾಡಿಸಿಕೊಂಡರು. ಮಾರನೆಯ ದಿನ ಅದಕ್ಕೆ ಹಚ್ಚಿದರೆ ಸ್ವಿಚ್ ಆಫ್. ರೂಮಿನ ಹತ್ತಿರದ ಅಂಗಡಿಯಲ್ಲಿ ಅಗ್ಗದ ಕಾರ್ಡ್ ಸಿಗುತ್ತದೆ ಎಂದಷ್ಟೇ ಅವನಿಗೂ ಗೊತ್ತಿತ್ತು. ಆ ಕಾರ್ಡಿನ ಗುಟ್ಟು ನನಗೆ ತಿಳಿದದ್ದು ಬೆಂಗಳೂರಿನಲ್ಲಿ ಸಿಮ್ ಬಾಕ್ಸ್ ಜಾಲ ಪತ್ತೆ ಎಂಬಂಥ ಸುದ್ದಿ ಓದಿದ ಮೇಲೆ. ಕರೆ ಅಲ್ಲಿಂದ ಇಂಟರ್‌ನೆಟ್ ಹಿಡಿದು ಬರುತ್ತದೆ. ಇಲ್ಲಿ ಯಾವುದೋ ಬಾಡಿಗೆ ರೂಮಿನಲ್ಲಿ ಹತ್ತಾರು ಸಿಮ್ ತುಂಬಿದ ಒಂದು ಪೆಟ್ಟಿಗೆ ಅದನ್ನು ಇಸಿದುಕೊಂಡು, ಲೋಕಲ್ ಕರೆಯ ವೇಷ ತೊಡಿಸಿ ನಮ್ಮ ಫೋನಿಗೆ ಕಳಿಸುತ್ತದೆ. ಹೊರದೇಶದ ಕರೆ ಇಲ್ಲಿ ಇಳಿಯುವಾಗ ಇಲ್ಲಿನ ಕಂಪನಿಗೆ ಸಲ್ಲಬೇಕಾದ ಶುಲ್ಕವೊಂದಿದೆ. ಟ್ರಾಯ್ 2015ರಲ್ಲಿ ಅದನ್ನು ನಿಮಿಷಕ್ಕೆ 53 ಪೈಸೆ ಮಾಡಿತ್ತು, 2018ರಲ್ಲಿ 30 ಪೈಸೆಗೆ ಇಳಿಸಿತು. ಪೆಟ್ಟಿಗೆಯವರು ತಪ್ಪಿಸುತ್ತಿದ್ದದ್ದು ಅದನ್ನು. ಕರೆ ಮಾಡಿದವರು ಯಾರೆಂದು ಪೊಲೀಸರಿಗೆ ಗೊತ್ತಾಗುವುದಿಲ್ಲ ಎಂಬ ಭದ್ರತೆಯ ಆತಂಕವೂ ಇತ್ತು, ಅದು ಸುಳ್ಳಲ್ಲ.

ಹಾಗಾದರೆ ಅಮ್ಮಿ ಮಗನೊಡನೆ ಮಾತಾಡಿದ ಪ್ರತಿ ನಿಮಿಷಕ್ಕೂ ಅರ್ಧ ರೂಪಾಯಿಯ ಕಳವಿನಲ್ಲಿ ಪಾಲುದಾರರೇ? ನನಗೆ ಆ ಪೈಸೆಗಳ ಬಗ್ಗೆ ಪಾಪಪ್ರಜ್ಞೆ ಹುಟ್ಟಲಿಲ್ಲ, ಒಪ್ಪಿಕೊಳ್ಳುತ್ತೇನೆ. ಚುಚ್ಚಿದ್ದು ಬೇರೆ. ಎಲ್ಲ ಆರಾಮ ಎನ್ನುವ ಮೊದಲೇ, ಯಾರೂ ಬಾಯಿ ತೆರೆಯುವ ಮೊದಲೇ, ಆ ಕರೆಯಲ್ಲಿ ಒಂದು ಸುಳ್ಳು ಆಗಿಹೋಗಿರುತ್ತಿತ್ತು. ಫೋನೇ ಅದನ್ನು ಹೇಳಿರುತ್ತಿತ್ತು: ನಾನು ಇಲ್ಲೇ ಹತ್ತಿರದಲ್ಲಿದ್ದೇನೆ, ಎಂದು.

ಆಮೇಲೆ ಕಾರ್ಡೂ ಬೇಡವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ನಮ್ಮ ಓಣಿಗೆ ಡೇಟಾ ಬಂತು. 2013ರಲ್ಲಿ ವೈಬರ್ ಅನ್ನು ತಡೆದಿದ್ದ ಸೌದಿ ಸರ್ಕಾರ 2017ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ ಕರೆಗಳ ಮೇಲಿನ ನಿಷೇಧ ಸಡಿಲಿಸಿತು. ಭಾಯಿ ಇಮೋ ಹಾಕಿಕೊಂಡ, ಗಲ್ಫಿನ ಲೇಬರ್ ರೂಮುಗಳಲ್ಲಿ ಆಗ ಎಲ್ಲರದೂ ಅದೇ. ದುಬೈಯಲ್ಲಿದ್ದ ಅವನ ಸ್ನೇಹಿತ ಇಂಥದ್ದಕ್ಕೇ ತಿಂಗಳಿಗೆ 50 ದಿರ್ಹಮ್ ಕಟ್ಟಬೇಕಿತ್ತು. ಭಾಯಿಗೆ ಡೇಟಾ ಬಿಟ್ಟರೆ ಖರ್ಚಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಮುಖ ನೋಡಿಕೊಂಡು ಮಾತು. ಈಗ ಹೇಳದೆ ಉಳಿಸಲು ದರದ ನೆಪ ಇರಲಿಲ್ಲ, ಅಂಚೆಯ ನೆಪ ಇರಲಿಲ್ಲ. ಹೇಳದೆ ಉಳಿದದ್ದೆಲ್ಲ ನಾವು ಬೇಕೆಂದೇ ಉಳಿಸಿದ್ದು.

ಇಂಟರ್‌ನೆಟ್ ಕರೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೂತು ಓದಿದೆ. ನಮ್ಮ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ ಕಳಿಸುತ್ತಾರೆ. ತಡವಾಗಿ ಬಂದ ತುಣುಕನ್ನು ಕಾಯುವುದಿಲ್ಲ, ಬಿಸಾಡುತ್ತಾರೆ. ಕಳೆದುಹೋದ ಜಾಗವನ್ನು ಹಿಂದಿನ ದನಿಯನ್ನು ನೋಡಿ ಅಂದಾಜಿನಿಂದ ತುಂಬುತ್ತಾರೆ. ಅಂದರೆ ನಾವು ಕೇಳುವ ದನಿಯಲ್ಲಿ ಒಂದಿಷ್ಟು ಅವರು ಆಡದೆ ಇದ್ದದ್ದೂ ಸೇರಿರಬಹುದು. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೌನದ ಏರ್ಪಾಡು. ಎಷ್ಟೋ ವ್ಯವಸ್ಥೆಗಳಲ್ಲಿ ಮಾತಾಡದ ಹೊತ್ತನ್ನು ಕಳಿಸುವುದೇ ಇಲ್ಲ, ಅದು ದಂಡ. ಆದರೆ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಲೈನ್ ಕಟ್ಟಾಯಿತು ಎಂದುಕೊಳ್ಳುತ್ತಾರೆ. ಅದಕ್ಕೆ ಕೇಳುವವರ ಕಡೆಯ ಯಂತ್ರವೇ ಒಂದು ಸಣ್ಣ ಸುಯ್‌ಗುಡುವ ಸದ್ದು ಹುಟ್ಟಿಸಿ ಕೇಳಿಸುತ್ತಿರುತ್ತದೆ. ಸಮಾಧಾನದ ಸದ್ದು ಎಂಬರ್ಥದ ಹೆಸರೇ ಅದಕ್ಕಿದೆ. ಆಚೆಯವರ ಮೌನ ಎಂದು ನಾವು ಕೇಳಿಸಿಕೊಳ್ಳುವುದು ಹೀಗೆ ಎಷ್ಟೋ ಸಲ ನಮ್ಮ ಕೈಯಲ್ಲಿರುವ ಫೋನಿನದೇ ತಯಾರಿ.

ಓದುವಾಗ ನಗು ಬಂತು. ನಮ್ಮ ಮನೆಯಲ್ಲಿ ಈ ಕೆಲಸವನ್ನು ಯಂತ್ರಕ್ಕಿಂತ ಮೊದಲಿನಿಂದಲೂ ಅಮ್ಮಿ ಮಾಡಿಕೊಂಡು ಬಂದಿದ್ದರು. ಆಮೇಲೆ ನಾನೂ ಮಾಡಿದೆ.

2021ರ ಮೇ. ಲಾಕ್‌ಡೌನ್ ಇತ್ತು. ಅಬ್ಬಾಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೊದಲ ಎರಡು ದಿನ ಅವರಿಗೆ ಮಾತಿತ್ತು. ತೊದಲು, ಒಂದು ಕಡೆ ಎಳೆದ ಬಾಯಿ, ಆದರೂ ಮಾತು. ಎರಡನೆಯ ದಿನ ಸಂಜೆ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ ‘ದೊಡ್ಡವನಿಗೆ ಹಚ್ಚು’ ಎಂದರು. ನಾನು ಅಮ್ಮಿಯ ಮುಖ ನೋಡಿದೆ. ಅಮ್ಮಿ ‘ಸ್ವಲ್ಪ ಹುಷಾರಾಗಿ, ನಾಳೆ ಮಾತಾಡಿ’ ಎಂದರು. ಆ ರಾತ್ರಿ ಇನ್ನೊಂದು ಸಲ ಹೊಡೆಯಿತು. ಆಮೇಲೆ ಅಬ್ಬಾಗೆ ಮಾತು ಬರಲಿಲ್ಲ.

ಅಮ್ಮಿಯ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಭಾರತದಿಂದ ಬರುವವರನ್ನು ಸೌದಿ ಆ ವರ್ಷದ ಫೆಬ್ರುವರಿಯಿಂದ ಒಳಗೆ ಬಿಡುತ್ತಿರಲಿಲ್ಲ. ಅವನು ಹೇಗಾದರೂ ಮಾಡಿ ಹೊರಟು ಬಂದರೆ ಮತ್ತೆ ಹೋಗುವುದು ಯಾವಾಗಲೋ. ಕೆಲಸ ಹೋಗುತ್ತದೆ, ಆಸ್ಪತ್ರೆಯ ಬಿಲ್ಲು ಕಟ್ಟುತ್ತಿದ್ದದ್ದು ಆ ಸಂಬಳವೇ. ಬರದೆ ಇದ್ದರೆ ಅಲ್ಲಿ ಒಬ್ಬನೇ ಕೊರಗುತ್ತಾನೆ. ‘ಅಲ್ಲಾಹ್ ನಿಯತ್ತು ನೋಡ್ತಾನೆ’ ಎಂದರು. ಒಂದು ತಿಂಗಳು ನಾವು ಅವನಿಗೆ ಅಬ್ಬಾಗೆ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ ಎಂದೆವು. ವಿಡಿಯೋ ಬೇಕೆಂದಾಗ ಕ್ಯಾಮೆರಾ ಆಫ್ ಮಾಡಿ ‘ಇಲ್ಲಿ ನೆಟ್‌ವರ್ಕ್ ಇಲ್ಲ ಭಾಯ್’ ಎನ್ನುತ್ತಿದ್ದದ್ದು ನಾನು. ಹಾಗೆ ನೋಡಿದರೆ ಮಾತು ಕೊಟ್ಟಿದ್ದೂ ನಾನೇ. ಅವನು ಹೊರಡುವ ಹಿಂದಿನ ದಿನ ಸೂಳೆಕೆರೆ ಏರಿಯ ಮೇಲೆ ಕೂತು, ಏನೇ ಆದರೂ ಮುಚ್ಚಿಡಬಾರದು, ಅವರು ಮುಚ್ಚಿಟ್ಟರೂ ನೀನು ಹೇಳಬೇಕು ಎಂದಿದ್ದ. ಹೂಂ ಎಂದಿದ್ದೆ. ಆ ಕೆರೆಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆರೆ ಕಟ್ಟಲು ಜಾಗ ಕೊಟ್ಟ ಸೂಳೆಯರು ತಮ್ಮ ಹೆಸರೇ ಇರಬೇಕು ಎಂದು ರಾಜಕುಮಾರಿ ಶಾಂತವ್ವನಿಂದ ಮಾತು ತೆಗೆದುಕೊಂಡರಂತೆ. ಶಾಂತಿಸಾಗರ ಎಂದು ಮರ್ಯಾದೆಯ ಹೆಸರಿಟ್ಟರೂ ಜನ ಇವತ್ತಿಗೂ ಸೂಳೆಕೆರೆ ಎಂದೇ ಕರೆಯುತ್ತಾರೆ. ಮಾತು ಕೊಡಲು ನಾನು ಆರಿಸಿಕೊಂಡ ಜಾಗ ಅದು.

ಸುಳ್ಳಿನ ಬಗ್ಗೆ ಓದುವವರಿಗೆಲ್ಲ ಕಾಂಟ್ ಎದುರಾಗುತ್ತಾನೆ. ಮನುಷ್ಯಪ್ರೀತಿಯ ಕಾರಣಕ್ಕೂ ಸುಳ್ಳಾಡುವ ಹಕ್ಕಿಲ್ಲ ಎಂದು ಅವನು 1797ರಲ್ಲಿ ಬರೆದ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವಂತಿಲ್ಲ. ಆ ಉದಾಹರಣೆಯನ್ನು ಹಿಡಿದು ಜಗಳವಾಡಿದವರು ಬಹಳ. ನನಗೆ ಅದರಿಂದ ಉಪಯೋಗವಾಗಲಿಲ್ಲ. ಅಲ್ಲಿ ಕೇಳುವವನು ವೈರಿ. ನನ್ನನ್ನು ಕೇಳುತ್ತಿದ್ದವನು ಮಗ.

ಹತ್ತಿರವೆನಿಸಿದ್ದು ಧರ್ಮರಾಯ. ನಾವು ಕೇಳಿ ಬೆಳೆದ ಕಥೆಯಲ್ಲಿ ಅವನು ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳುವಷ್ಟರಲ್ಲಿ ಕೃಷ್ಣ ಶಂಖ ಊದುತ್ತಾನೆ. ಮಾತು ಪೂರ್ತಿ ಆಡಿದ್ದಾನೆ, ಸದ್ದು ಅದನ್ನು ನುಂಗಿದೆ. ಸುಳ್ಳು ಯಾರದು? ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಕೆಳಗಿಳಿದದ್ದಂತೂ ಧರ್ಮರಾಯನದು, ಶಂಖದವನದಲ್ಲ. ‘ನೆಟ್‌ವರ್ಕ್ ಇಲ್ಲ’ ಎನ್ನುವಾಗ ನಾನು ಶಂಖವನ್ನೂ ನಾನೇ ಊದಿಕೊಂಡಿದ್ದೆ. ಇಂಥ ಸುಳ್ಳಿಗೆ ಇರುವ ಒಂದು ಅನುಕೂಲ, ಇದರಲ್ಲಿ ನಾನು ಇಲ್ಲ. ತಪ್ಪು ಟವರಿನದು.

ಭಾಯಿ ಬಂದದ್ದು 2022ರಲ್ಲಿ. ಎರಡು ತಿಂಗಳು ಅಬ್ಬಾನ ಪಕ್ಕ ಕೂತ. ಅಬ್ಬಾ ಅವನ ಕೈ ಹಿಡಿದುಕೊಳ್ಳುತ್ತಿದ್ದರು, ಮಾತಿಲ್ಲ. ಅವನು ವಾಪಸ್ ಹೋದ ಮೇಲೆ ತೀರಿಕೊಂಡರು. ಹೋಗುವ ಮುಂಚೆ ನನ್ನೊಬ್ಬನಿಗೇ ಹೇಳಿದ:

‘ನೆಟ್‌ವರ್ಕ್ ಇಲ್ಲ ಅಂತಿದ್ದೆಯಲ್ಲ. ನಿನ್ನ ದನಿ ಕಟ್ಟಾಗ್ದೆ ಕೇಳ್ತಿತ್ತು.’

‘ಗೊತ್ತಿದ್ದೂ ಯಾಕೆ ಕೇಳಲಿಲ್ಲ ಭಾಯ್?’

‘ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು.’

ಅವನನ್ನು ಕೊರಗಿನಿಂದ ಉಳಿಸಿದೆವು ಎಂದುಕೊಂಡಿದ್ದೆವು. ಅವನು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ದಿನಾ ಅರ್ಧ ಗಂಟೆ ನಮಗಾಗಿ ನಟಿಸುತ್ತಿದ್ದ. ಎರಡೂ ಕಡೆ ಸಮಾಧಾನದ ಸದ್ದು ಓಡುತ್ತಿತ್ತು, ಮಧ್ಯೆ ಏನೂ ಹೋಗುತ್ತಿರಲಿಲ್ಲ.

ಇಷ್ಟಾದರೂ ಇದು ಭಾಯಿಗೆ ಮಾಡಿದ ಮೋಸ ಎಂಬ ಲೆಕ್ಕದಲ್ಲೇ ನಾನು ಬಹಳ ದಿನ ಇದ್ದೆ. ಹೇಳಬೇಕಿತ್ತೇ, ಮುಚ್ಚಿಟ್ಟದ್ದು ಸರಿಯೇ ಎಂದು ಯಾರನ್ನು ಕೇಳಿದರೂ ಮಾತು ಕೇಳುವವನ ಸುತ್ತಲೇ ಸುತ್ತುತ್ತದೆ: ಅವನು ತಡೆದುಕೊಳ್ಳುತ್ತಾನೆಯೇ, ಅವನಿಗೆ ಹಕ್ಕಿದೆಯೇ. ಸುದ್ದಿ ಯಾರದು ಎಂದು ನಾವು ಕೇಳಿಕೊಳ್ಳುವುದಿಲ್ಲ. ಅಬ್ಬಾನ ಕಾಯಿಲೆ ಅಬ್ಬಾನದು. ಅದನ್ನು ಮಗನಿಗೆ ಹೇಳುವ ಬಾಯಿ ಅವರಿಗೆ ಇನ್ನೊಂದು ರಾತ್ರಿಯಷ್ಟು ಇತ್ತು, ಹೇಳಬೇಕು ಎಂದು ಅವರೇ ಕೇಳಿದ್ದರು. ಮಾತಿಗೆ ಕಾಸೂ ಖರ್ಚಿರಲಿಲ್ಲ. ಅಮ್ಮಿಯ ನಿಯತ್ತು ಭಾಯಿಯ ಮಟ್ಟಿಗೆ ಒಳ್ಳೆಯದಿರಬಹುದು. ಅಬ್ಬಾನ ಮಟ್ಟಿಗೆ ನಮ್ಮ ನಿಯತ್ತು ಏನಿತ್ತು ಎಂದು ನನ್ನನ್ನು ಕೇಳಿದರೆ ಉತ್ತರವಿಲ್ಲ. ಅವರ ಬಗ್ಗೆ ಆ ಹೊತ್ತಿನಲ್ಲಿ ನಾವು ಯೋಚಿಸಿರಲೇ ಇಲ್ಲ.

ಅಬ್ಬಾ ಫೋನ್ ಕೇಳಿದ್ದರು ಎಂಬುದನ್ನು ನಾನು ಭಾಯಿಗೆ ಹೇಳಿರಲಿಲ್ಲ. 2022ರಲ್ಲಿ ಎದುರಿಗೆ ಕೂತಿದ್ದಾಗಲೂ ಹೇಳಲಿಲ್ಲ. ಇನ್ನು ಹೇಳಿ ಏನು ಉಪಯೋಗ, ಸುಮ್ಮನೆ ನನ್ನ ಭಾರ ಅವನ ತಲೆಗೆ ಹಾಕಿದಂತೆ ಎಂಬ ವಾದವೂ ಇತ್ತು, ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಭಾಯಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಮ್ಮಿನವನು, ನಾನು ಬರೆದದ್ದನ್ನೆಲ್ಲ ಓದುತ್ತಾನೆ. ಇದನ್ನು ಅವನು ಇಲ್ಲಿ ಓದಿ ತಿಳಿಯಬಾರದು. ಹೋದ ಶುಕ್ರವಾರ ಅಮ್ಮಿ ಮಾತಾಡಿ ಮುಗಿಸಿದ ಮೇಲೆ ಫೋನ್ ಹಿಡಿದು ಹೊರಗೆ ಕಟ್ಟೆಯ ಮೇಲೆ ಬಂದು ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಸುಯ್‌ ಎಂಬ ಸದ್ದಷ್ಟೇ. ಅದು ಅವನದೋ ಫೋನಿನದೋ ತಿಳಿಯದೆ ನಾನು ಹಲೋ ಹಲೋ ಎಂದೆ.

‘ಇದೀನಿ’ ಎಂದ. ಆಮೇಲೆ ಕೇಳಿದ, ‘ಅಬ್ಬಾ ಏನಂದ್ರು, ಅವರಂದ ಹಾಗೇ ಹೇಳು.’

ಎಳೆದ ಬಾಯಿಯಲ್ಲಿ ಅವರು ಅಂದದ್ದು ಹೇಗಿತ್ತೋ ಹಾಗೇ ಹೇಳಿ ತೋರಿಸಿದೆ. ಇನ್ನೊಂದ್ಸಲ ಎಂದ.