ನೂಲನ್ನು ಕಾಯ್ದ ತಾಯಿಗೆ ಉಡಿಸುವ ಸೀರೆ

ಶ್ರೀ ಚೌಡೇಶ್ವರಿ ದೇವಿಯ ಅವತಾರಕಥೆಯನ್ನು ಕೇಳದೆ ಬೆಳೆದ ಮಗು ದೇವಾಂಗ ಮನೆತನಗಳಲ್ಲಿ ಇರಲಾರದು. ದೇವತೆಗಳಿಗೂ ಮಾನವರಿಗೂ ಮಾನ ಮುಚ್ಚಲು ವಸ್ತ್ರವಿಲ್ಲದ ಕಾಲದಲ್ಲಿ ಪರಶಿವನ ಅಂಶದಿಂದ ದೇವಲ ಮಹರ್ಷಿಗಳು ಉದಿಸಿದರು. ಶ್ರೀಮನ್ನಾರಾಯಣನ ನಾಭಿಕಮಲದ ನಾಳದಿಂದ ನೂಲನ್ನು ಪಡೆದು ಮರಳುವಾಗ, ಅಮಾವಾಸ್ಯೆಯ ಇರುಳಿನಲ್ಲಿ, ರಕ್ಕಸರು ಅವರನ್ನು ಅಡ್ಡಗಟ್ಟಿದರು. ಮೊರೆಯನ್ನು ಆಲಿಸಿದ ಜಗನ್ಮಾತೆಯು ಕೋಟಿಸೂರ್ಯಪ್ರಭೆಯಿಂದ ಮೈದೋರಿ ದುರುಳರನ್ನು ಸಂಹರಿಸಿದಳು. ಅವರ ಐದು ಬಣ್ಣದ ನೆತ್ತರಲ್ಲಿ ಅದ್ದಿದ ನೂಲೇ ಬಣ್ಣದ ನೂಲಾಯಿತು. ಅಮಾವಾಸ್ಯೆಯಂದು ಮಗ್ಗಕ್ಕೆ ಬಿಡುವು ಕೊಟ್ಟು ತಾಯಿಯನ್ನು ಪೂಜಿಸುವ ವಾಡಿಕೆ ಆ ಇರುಳಿನ ನೆನಪೇ ಆಗಿದೆ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಂದ್ರಪದವಿಗಾಗಿಯೂ ಅರಸರ ಸಿಂಹಾಸನಕ್ಕಾಗಿಯೂ ದೇವಿಯು ಆಯುಧ ಹಿಡಿದ ಕಥೆಗಳು ಎಷ್ಟೋ ಇವೆ. ಇಲ್ಲಿ ಮಾತ್ರ ಆಕೆ ಕಾಯ್ದದ್ದು ಹೆಗಲ ಮೇಲೆ ನೂಲಿನ ಗಂಟನ್ನು ಹೊತ್ತು ದಾರಿ ನಡೆಯುತ್ತಿದ್ದ ಒಬ್ಬ ಕಸಬುದಾರನನ್ನು.

ನೂಲು ಮಗ್ಗವನ್ನು ಸೇರುವವರೆಗಿನ ದಾರಿ ಅದು. ಮಗ್ಗದಿಂದ ಹೊರಟ ಬಟ್ಟೆಯ ದಾರಿ ಬೇರೆ. ಅದನ್ನು ಹೇಳುವುದು ಜೇಡರ ದಾಸಿಮಯ್ಯನವರ ಕಥೆ. ಮುದನೂರಿನ ಈ ಶರಣರು ಹನ್ನೊಂದನೆಯ ಶತಮಾನದವರೆಂದು ಪ್ರತೀತಿ. ಬಹುಕಾಲ ಶ್ರಮಿಸಿ ನೇಯ್ದ ಅಪೂರ್ವವಾದ ಬಟ್ಟೆಯನ್ನು ಅವರು ಸಂತೆಗೆ ಒಯ್ದರು. ಕೊಳ್ಳುವವರಾರೂ ಇಲ್ಲದೆ ಬಟ್ಟೆ ಹಿಂದಿರುಗಿತು. ದಾರಿಯಲ್ಲಿ ಚಳಿಯಿಂದ ನಡುಗುವ ಮುದುಕನೊಬ್ಬ ಬೇಡಿದನು, ದಾಸಿಮಯ್ಯನವರು ಕೊಟ್ಟುಬಿಟ್ಟರು. ಕಣ್ಣೆದುರೇ ಅವನು ಅದನ್ನು ಹರಿದು ಚೂರು ಮಾಡಿದರೂ ಅವರ ಮನಸ್ಸು ಕದಡಲಿಲ್ಲ. ಮುದುಕನಾಗಿ ಬಂದಿದ್ದ ಪರಮೇಶ್ವರನು ಮೆಚ್ಚಿ, ಬರಿದಾಗದ ತವನಿಧಿಯನ್ನು ಅನುಗ್ರಹಿಸಿದನು.

ಪುರಾಣ ಶ್ರವಣ ಮಾಡುವವರು ತವನಿಧಿಯ ಮಾತಿಗೆ ಕೈಮುಗಿದು ಮುಂದೆ ಸಾಗುತ್ತಾರೆ. ಆದರೆ ಬಟ್ಟೆ ಮಾರಾಟವಾಗದೆ ಮನೆಗೆ ಹಿಂದಿರುಗುವ ಆ ಸಂಜೆ ನೇಕಾರನ ಬಾಳಿನಲ್ಲಿ ಇಂದಿಗೂ ಬರುತ್ತಲೇ ಇದೆ. ತವನಿಧಿಯೋ ಎಲ್ಲರಿಗೂ ದೊರೆಯತಕ್ಕದ್ದಲ್ಲ. ದೇವಿಯು ನೂಲನ್ನು ಕಾಯ್ದು ಕೊಟ್ಟಳು. ಬಟ್ಟೆಯನ್ನು ಕಾಯುವ ಹೊಣೆ ಕೊಳ್ಳುವವರ ಪಾಲಿಗೆ ಉಳಿಯಿತು.

ಕೊಂಗುನಾಡಿನ ಜನಕ್ಕೆ ಇದು ಹೊಸ ಮಾತೇನೂ ಅಲ್ಲ. 1906ರಲ್ಲಿ ಸ್ವದೇಶಿ ಹಡಗು ಸಂಸ್ಥೆಯನ್ನು ಸ್ಥಾಪಿಸಿದ ವ.ಉ. ಚಿದಂಬರಂ ಪಿಳ್ಳೆಯವರು 1908ರಿಂದ ಎರಡು ವರ್ಷಕ್ಕೂ ಮಿಕ್ಕಿ ಕೊಯಮತ್ತೂರಿನ ಸೆರೆಮನೆಯಲ್ಲಿದ್ದು, ಎತ್ತಿಗೆ ಬದಲಾಗಿ ಗಾಣವನ್ನೆಳೆದರು. ಚೆನ್ನಿಮಲೆಯ ನೇಕಾರ ಮನೆತನದಲ್ಲಿ ಹುಟ್ಟಿದ ಕುಮಾರನ್ ತಿರುಪ್ಪೂರಿನ ಬೀದಿಯಲ್ಲಿ ಧ್ವಜವನ್ನು ಕೈಬಿಡದೆ ಪೆಟ್ಟು ತಿಂದು 1932ರ ಜನವರಿ 11ರಂದು ಪ್ರಾಣ ಬಿಟ್ಟರು. 1905ರ ಆಗಸ್ಟ್ 7ರಂದು ಕಲಕತ್ತೆಯಲ್ಲಿ ಸ್ವದೇಶಿ ಚಳವಳಿ ಸಾರಲ್ಪಟ್ಟುದರ ನೆನಪಿಗೆ ಆ ದಿನವನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. ವರ್ಷಕ್ಕೊಂದು ದಿನ ಹಾರ ಹಾಕುವುದು ಸುಲಭ. ಉಳಿದ ದಿನಗಳಲ್ಲಿ ಅಂಗಡಿಯ ಮೆಟ್ಟಿಲು ಹತ್ತುವಾಗ ಏನಾಗುತ್ತದೆಂಬುದೇ ವಿಚಾರ.

ಭವಾನಿ ನದಿಯ ದಡದ ಸಿರುಮುಗೈಯಲ್ಲಿ ರೇಷ್ಮೆ ಸೀರೆಗಳೂ, ಪೊಳ್ಳಾಚಿಯ ಬಳಿಯ ನೆಗಮಂನಲ್ಲಿ ನೂಲಿನ ಸೀರೆಗಳೂ ಕೈಮಗ್ಗದಿಂದ ಇಳಿಯುತ್ತವೆ. ರೇಷ್ಮೆಯೂ ಹತ್ತಿಯೂ ಕೂಡಿದ ಕೋವೈ ಕೋರಾ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಒಂದು ಸೀರೆಯೆಂದರೆ ಒಬ್ಬನ ಕೆಲಸವಲ್ಲ. ಹಾಸು ಹೂಡುವವರು ಕೆಲವರು, ಬಣ್ಣ ಕಟ್ಟುವವರು ಕೆಲವರು. ಮನೆಯ ಹೆಂಗಸರು ಕಂಡಿಕೆ ಸುತ್ತಿ ಕೊಟ್ಟರೆ ಗಂಡಸು ಗುಂಡಿಯಲ್ಲಿ ಕಾಲಿಳಿಸಿ ಕುಳಿತು ಲಾಳಿ ಎಸೆಯುತ್ತಾನೆ. ಎಷ್ಟೋ ಮನೆಗಳಲ್ಲಿ ಹೆಂಗಸರೇ ಲಾಳಿ ಹಿಡಿಯುವುದುಂಟು. 2019-20ರ ಗಣತಿಯಂತೆ ಭಾರತದಲ್ಲಿ ಕೈಮಗ್ಗದ ಕೆಲಸದಲ್ಲಿ ತೊಡಗಿದವರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿ ಸ್ತ್ರೀಯರೇ.

ಇಂಥವರ ಬದುಕಿಗೆ ಅಡ್ಡಗಟ್ಟುವ ಇಂದಿನ ರಕ್ಕಸರಿಗೆ ಕೋರೆಹಲ್ಲುಗಳಿಲ್ಲ. ಅಂಗಡಿಯ ಹಲಗೆಯ ಮೇಲೆ ‘ಕೈತ್ತರಿ’ ಎಂದು ಬರೆದು ಒಳಗೆ ವಿದ್ಯುತ್ ಮಗ್ಗದ ಬಟ್ಟೆಯನ್ನು ಮಾರುವುದೇ ಆ ಅಡ್ಡಗಟ್ಟುವಿಕೆ. ಕೆಲವು ಬಗೆಯ ಸೀರೆ, ಪಂಚೆ, ಟವಲುಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆಯುಂಟು. 2006ರಲ್ಲಿ ಬಂದ ಕೈಮಗ್ಗ ಮುದ್ರೆಯೂ ಉಂಟು. ಆದರೆ ಕೊಳ್ಳುವವರು ಕೇಳದಿದ್ದರೆ ಮುದ್ರೆಯಿಂದೇನು ಫಲ? ವಿದ್ಯುತ್ ಮಗ್ಗದವನೂ ಬಡವನೇ, ಅವನ ಬಟ್ಟೆಯೂ ಬಟ್ಟೆಯೇ. ಅದನ್ನು ಅದರ ಹೆಸರಿನಿಂದ ಮಾರಿದರೆ ದೋಷವಿಲ್ಲ.

ಕೈಮಗ್ಗದ ಸೀರೆಗೆ ಬೆಲೆ ಹೆಚ್ಚೆಂಬ ಆಕ್ಷೇಪ ನಿಜವಾದುದೇ. ಕೂಲಿಯಿಂದ ಬಾಳುವ ಮನೆಗೆ ‘ಎಲ್ಲವನ್ನೂ ಕೈಮಗ್ಗದ್ದೇ ಕೊಳ್ಳಿರಿ’ ಎಂದು ವಿಧಿಸುವುದು ಧರ್ಮವಾಗಲಾರದು. ಆದರೆ ಮದುವೆಯ ಸೀರೆ, ಮಡಿಯ ಪಂಚೆ, ದೇವಿಗೆ ಹರಕೆಯಾಗಿ ಒಪ್ಪಿಸುವ ಸೀರೆ — ಇವು ದಿನನಿತ್ಯದ ಖರೀದಿಗಳಲ್ಲ. ಮೂರು ಅಗ್ಗದ ಸೀರೆಗಳ ಹಣ ಒಂದು ನೆಗಮಂ ಸೀರೆಗೆ ಸಾಕಾಗುವುದುಂಟು. ದೇವಿಯ ಮುಂದೆ ರಾಶಿ ಬೀಳುವ ಸೀರೆಗಳಲ್ಲಿ ಕೈಮಗ್ಗದವು ಎಷ್ಟೆಂಬುದನ್ನು ದೇವಾಲಯದ ಆಡಳಿತದವರೂ ಒಮ್ಮೆ ಎಣಿಸಿ ನೋಡತಕ್ಕದ್ದು. ನೇಕಾರರ ಕುಲದೇವಿಗೇ ನೇಕಾರನಿಲ್ಲದ ಸೀರೆ ಉಡಿಸುವುದು ಎಂತಹ ವಿಪರ್ಯಾಸ!

ನೇಯುವವರಿಗೂ ಧರ್ಮವುಂಟು. ಬೆರಕೆ ಜರಿಯನ್ನು ಶುದ್ಧ ಜರಿಯೆಂದು ಹೇಳಿದವನು, ಅಳತೆಯಲ್ಲಿ ಗೇಣು ಕಡಮೆ ಮಾಡಿದವನು, ತನ್ನ ಬೀದಿಯ ಎಲ್ಲ ಮಗ್ಗಗಳ ಮೇಲಣ ನಂಬಿಕೆಯನ್ನು ಕತ್ತರಿಸುತ್ತಾನೆ. ಕೊಳ್ಳುವವರ ಕಡೆಗೆ ಬಂದರೆ, ಸಾಲ ಹೇಳಿ ತಿಂಗಳುಗಟ್ಟಲೆ ತಿರುಗಿಸುವುದು ಚೌಕಾಸಿಗಿಂತಲೂ ಕ್ರೂರ. ಮುಂದಿನ ಹಾಸಿನ ನೂಲಿಗೆ ಆ ಹಣವೇ ಬೇಕು.

ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ದೇವಿಯ ಸನ್ನಿಧಿಗೆ ವೀರಕುಮಾರರು ಎದೆಗೆ ಅಲಗು ತಾಗಿಸಿಕೊಳ್ಳುತ್ತಾ ಬರುತ್ತಾರೆ. ಆ ಭಕ್ತಿಗೆ ಎಣೆಯಿಲ್ಲ. ಹಬ್ಬಕ್ಕೆ ಮುಂಚೆ ಬಟ್ಟೆಯಂಗಡಿಗೆ ಹೋಗುವ ಗೃಹಿಣಿ ಮಾಡತಕ್ಕದ್ದು ಅಷ್ಟು ಕಷ್ಟದ ಸೇವೆಯೇನಲ್ಲ: ‘ಇದನ್ನು ನೇಯ್ದವರು ಯಾರು?’ ಎಂದು ಕೇಳಿದರಾಯಿತು. ದೊಡ್ಡ ಅಂಗಡಿಯಲ್ಲಿ ತಮಿಳಿನಲ್ಲಿ ಕೇಳಿದ ಈ ಪ್ರಶ್ನೆಗೆ ಮಾರುವ ಹುಡುಗ ಉತ್ತರ ತಿಳಿಯದೆ ಮುಖ ನೋಡಿಯಾನು. ಸಿರುಮುಗೈಯ ಬೀದಿಯಲ್ಲಿ ಕೇಳಿದರೆ, ಮಗ್ಗದ ಗುಂಡಿಯೊಳಗಿನಿಂದಲೇ ಕನ್ನಡದಲ್ಲಿ ಉತ್ತರ ಬರುತ್ತದೆ.