ಆಹಾರ ಮುಟ್ಟದ ಕೋಳಿಮರಿ

21 ದಿವಸಗಳ ಕಾವು ಮುಗಿದು ಹೊರಬಂದ ಕೋಳಿಮರಿಗಳಲ್ಲಿ ಒಂದು ಬಲಹೀನವಾಗಿ, ನುಚ್ಚನ್ನು ಮುಟ್ಟದೆ ಕಣ್ಣು ಮುಚ್ಚಿ ಕೂತಿದ್ದರೆ ನಾವು ಮಾಡತಕ್ಕದ್ದೇನು? ಕನಿಕರವುಳ್ಳವರು ಕೂಡಲೇ ಕೊಕ್ಕನ್ನು ಬಿಡಿಸಿ ಆಹಾರವನ್ನು ತುರುಕುತ್ತಾರೆ. ಬೇರೆ ಕೆಲವರು, ಹೇಗೂ ಸಾಯುವದೆಂದು ಬಿಟ್ಟುಬಿಡುತ್ತಾರೆ. ಇವೆರಡೂ ಸರಿಯಲ್ಲವೆಂದು ನಮಗೆ ತೋರುತ್ತದೆ.

ಯಾಕಂದರೆ ಮರಿಯು ಹೊರಗೆ ಬರುವ ಮುಂಚೆಯೇ ಮೊಟ್ಟೆಯ ಹಳದಿಯು ಅದರ ಹೊಟ್ಟೆಯೊಳಗೆ ಸೇರಿರುತ್ತದೆ. ಆ ಬುತ್ತಿಯಿಂದ ಅದು 2-3 ದಿವಸ ಬದುಕಬಲ್ಲದು. ಆದದರಿಂದ ಮೊದಲನೆಯ ದಿವಸ ತಿನ್ನದಿದ್ದರೆ ಭಯಪಡಬೇಕಾದದ್ದಿಲ್ಲ. ಅದಕ್ಕೆ ಮೊದಲು ಬೇಕಾದದ್ದು ಬಿಸುಪು. ಚಳಿಯಿಂದ ನಡುಗುವ ಮರಿಯು ತಿಂದದ್ದನ್ನು ಅರಗಿಸಲಾರದು. ಬಟ್ಟೆ ಹಾಸಿದ ಬುಟ್ಟಿಯಲ್ಲಿ ಬಿಸಿನೀರಿನ ಸೀಸೆಯನ್ನು ಸುತ್ತಿಟ್ಟು ಅದರ ಬಳಿ ಮಲಗಿಸಬೇಕು. ಅನಂತರ ಉಗುರುಬೆಚ್ಚಗಿನ ನೀರಿನಲ್ಲಿ ಕೊಕ್ಕಿನ ತುದಿಯನ್ನು ಅದ್ದಬೇಕು. ಬಾಯೊಳಗೆ ಹೊಯ್ದರೆ ನೀರು ಶ್ವಾಸಕೋಶಕ್ಕಿಳಿದು ಕೊಂದೀತು. ಬಳಿಕ ನುಚ್ಚನ್ನು ಚೆಲ್ಲಿ ಬೆರಳಿನಿಂದ ಕುಟ್ಟಿ ತೋರಿಸಬೇಕು. ತಾಯಿಕೋಳಿಯು ಕೊಕ್ಕಿನಿಂದ ಕಲಿಸುವದು ಹೀಗೆಯೇ.

ಹಾಗಾದರೆ ಕಾದಿರುವದು ಅಲಕ್ಷ್ಯವೋ? ಬಿಸುಪು ಕೊಟ್ಟು, ಗಮನಿಸುತ್ತಾ ಕಾದಿರುವದು ಆರೈಕೆಯೇ. ಆದರೆ ಬುತ್ತಿಯು ತೀರುತ್ತಾ ಬಂದರೂ ಸುಮ್ಮನಿರುವದು ಅಲಕ್ಷ್ಯವು. ಆಗ ಬೆಲ್ಲದ ನೀರನ್ನು ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಸವರಬೇಕು. ಅವಸರದಿಂದ ತುರುಕುವವನು ತನ್ನ ಕಳವಳವನ್ನು ತೀರಿಸಿಕೊಳ್ಳುತ್ತಾನೆ. ಮರಿಯ ಕೊರತೆಯನ್ನು ತಿಳಿದು ಕೊಡುವವನು ಮರಿಯನ್ನು ಪೋಷಿಸುತ್ತಾನೆ.

ಇಷ್ಟು ಮಾಡಿದರೂ ಕೆಲವು ಮರಿಗಳು ಸಾಯುವವು. ಆದರೂ ಆ ಶ್ರಮವು ವ್ಯರ್ಥವೆಂದು ನಾವು ಎಣಿಸುವದಿಲ್ಲ. ಬದುಕಿದ್ದಷ್ಟು ಹೊತ್ತು ಅದು ಚಳಿಯಲ್ಲಿರಲಿಲ್ಲ.