ಮಡಕೆ ಒಡೆದವನನ್ನು ಯಾರೂ ವಿಧಿ ಎನ್ನುವುದಿಲ್ಲ

ಸಂಗೀತ ಕಲಿಯಬೇಕೆಂದಿದ್ದವರು ಕಲಿಯಲಿಲ್ಲ, ಅರ್ಧಕ್ಕೆ ಬಿಟ್ಟ ಬಿ.ಎ. ಮುಗಿಸಬೇಕೆಂದಿದ್ದವರು ಮುಗಿಸಲಿಲ್ಲ, ಸಂಬಳದ ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡಬೇಕೆಂದಿದ್ದವರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ಯಾಕೆ ಎಂದು ಕೇಳಿದರೆ ಮೊದಲು ಬರುವ ಉತ್ತರ ದುಡ್ಡು. ಆಮೇಲೆ ಮನೆ ಜವಾಬ್ದಾರಿ, ಪುರುಸೊತ್ತು, ವಯಸ್ಸು. ಒಂದೊಂದನ್ನೇ ಹಿಡಿದು ಕೆದಕುತ್ತ ಹೋದರೆ ಮಾತು ಬಂದು ನಿಲ್ಲುವುದು ಒಂದೇ ಕಡೆ: ಅದಕ್ಕೆಲ್ಲ ಪಡೆದುಕೊಂಡು ಬಂದಿರಬೇಕು, ನಮ್ಮ ಹಣೆಯಲ್ಲಿ ಬರೆದಿಲ್ಲ. ಮೊದಲಿನವು ಲೆಕ್ಕ ಹಾಕಿ ನೋಡಬಹುದಾದ ಕಾರಣಗಳು. ಎಷ್ಟು ದುಡ್ಡು ಬೇಕು, ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಆ ಪರೀಕ್ಷೆಗೆ ವಯೋಮಿತಿ ಇದೆಯೇ ಎಂದು ವಿಚಾರಿಸಿದರೆ ಗೊತ್ತಾಗುತ್ತದೆ. ಕೊನೆಯದನ್ನು ಹಾಗೆ ವಿಚಾರಿಸಲು ಬರುವುದಿಲ್ಲ. ಹಣೆಯ ಬರಹವನ್ನು ಓದಿದವರಿಲ್ಲ. ಅದು ಇಲ್ಲವೆಂದು ಸಾಧಿಸಿ ತೋರಿಸುವುದಕ್ಕೂ ಆಗುವುದಿಲ್ಲ. ಉಳಿದ ನೆಪಗಳೆಲ್ಲ ಕೈಕೊಟ್ಟಾಗ ಜನ ಅದರ ಹಿಂದೆ ಹೋಗಿ ನಿಲ್ಲುವುದು ಈ ಅನುಕೂಲಕ್ಕಾಗಿಯೇ.

ನಮ್ಮಲ್ಲಿ ಈ ಪ್ರಶ್ನೆಯನ್ನು ದೈವ ಮತ್ತು ಪುರುಷಕಾರ ಎಂಬ ಹೆಸರಿನಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿದ್ದಾರೆ. ಪುರುಷಕಾರ ಎಂದರೆ ಮನುಷ್ಯಪ್ರಯತ್ನ. ಭಾರತೀಯ ಚಿಂತನೆ ಎಂದರೆ ವಿಧಿಗೆ ತಲೆಬಾಗುವುದು ಎಂಬ ಮಾತನ್ನು ನಾವೇ ಎಷ್ಟು ಸಲ ಹೇಳಿಕೊಂಡಿದ್ದೇವೆಂದರೆ, ಆ ಚರ್ಚೆಯಲ್ಲಿ ಹಲವು ಗ್ರಂಥಗಳು ಪ್ರಯತ್ನದ ಪಕ್ಷದಲ್ಲಿ ನಿಂತಿವೆ ಎಂಬುದು ಮರೆತೇಹೋಗಿದೆ. ದೈವ ಇದೆಯೋ ಇಲ್ಲವೋ ಎಂಬ ವಾದ ಇಲ್ಲಿ ಬೇಕಿಲ್ಲ. ಇದೆ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೂ ನಡೆದುಹೋದದ್ದಕ್ಕೆ ಸಮಾಧಾನವಾಗಿ ಅದು ನಿಂತೀತೇ ಹೊರತು, ಇನ್ನೂ ಮಾಡದ ಕೆಲಸವನ್ನು ಮಾಡದಿರಲು ಕಾರಣವಾಗಿ ನಿಲ್ಲಲಾರದು ಎಂಬುದು ಈ ಲೇಖನದ ವಾದ.

ದೈವದ ಪಕ್ಷವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವನು ಬುದ್ಧ, ಮಹಾವೀರರ ಸಮಕಾಲೀನ ಮಕ್ಖಲಿ ಗೋಸಾಲ, ಆಜೀವಿಕ ಪಂಥದ ಗುರು. ಬೌದ್ಧರ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಅವನ ಮತದ ಸಾರವಿದೆ: ಬಲವಿಲ್ಲ, ವೀರ್ಯವಿಲ್ಲ, ಪುರುಷಕಾರವಿಲ್ಲ, ಎಲ್ಲವೂ ನಿಯತಿ. ಎಸೆದ ದಾರದ ಉಂಡೆ ದಾರ ಮುಗಿಯುವ ತನಕ ಬಿಚ್ಚಿಕೊಳ್ಳುತ್ತ ಹೋಗುವ ಹಾಗೆ, ಜಾಣನೂ ದಡ್ಡನೂ ತಮಗೆ ನಿಗದಿಯಾದಷ್ಟು ಜನ್ಮಗಳನ್ನು ಸುತ್ತಿ ಮುಗಿಸಿಯೇ ಬಿಡುಗಡೆ ಪಡೆಯುತ್ತಾರೆ. ಆಜೀವಿಕರ ಸ್ವಂತ ಗ್ರಂಥಗಳು ಉಳಿದಿಲ್ಲ. ಈ ಸಾರವನ್ನು ಬರೆದಿಟ್ಟವರು ಅವರ ಎದುರಾಳಿಗಳು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆದರೆ ಎದುರಾಳಿಗಳೂ ಅಲ್ಲಗಳೆಯದ ಒಂದು ಸಂಗತಿ ಇದೆ. ಪ್ರಯತ್ನಕ್ಕೆ ಅರ್ಥವಿಲ್ಲ ಎಂದ ಈ ಜನ ಕೈಕಟ್ಟಿ ಕೂತವರಲ್ಲ. ಬೆತ್ತಲೆ ತಿರುಗಿ, ಉಪವಾಸವಿದ್ದು, ಘೋರ ತಪಸ್ಸು ಮಾಡಿದವರು. ಬಿಹಾರದ ಬರಾಬರ್ ಬೆಟ್ಟದಲ್ಲಿ ಅಶೋಕ ಅವರಿಗೆ ಗುಹೆಗಳನ್ನು ದಾನ ಕೊಟ್ಟ. ಗಟ್ಟಿ ಗ್ರಾನೈಟ್ ಕಲ್ಲನ್ನು ಕೊರೆದು, ಒಳಗೋಡೆಗಳನ್ನು ಕನ್ನಡಿಯಷ್ಟು ನುಣ್ಣಗೆ ಉಜ್ಜಿದ ಆ ಗುಹೆಗಳು ಇವತ್ತಿಗೂ ಇವೆ. ಎಷ್ಟು ಕೈಗಳು ಎಷ್ಟು ದಿನ ಉಜ್ಜಿದ್ದರೋ. ನಿಯತಿವಾದಿಗಳ ಮನೆ ಕೂಡ ತಾನಾಗಿ ಆಗಲಿಲ್ಲ. ಇತಿಹಾಸಕಾರ ಎ. ಎಲ್. ಬಾಶಮ್ 1951ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಈ ಪಂಥ ದಕ್ಷಿಣ ಭಾರತದಲ್ಲಿ ಹದಿನಾಲ್ಕನೇ ಶತಮಾನದವರೆಗೂ ಉಸಿರಾಡಿಕೊಂಡಿತ್ತು. ಸೋಮಾರಿಗಳ ಗುಂಪು ಅಷ್ಟು ಕಾಲ ಬಾಳುವುದಿಲ್ಲ.

ಗೋಸಾಲನ ಮತಕ್ಕೆ ಬಂದ ಅತ್ಯಂತ ಚುರುಕಾದ ಉತ್ತರ ಜೈನ ಆಗಮಗಳಲ್ಲಿ ಏಳನೆಯ ಅಂಗವಾದ ಉಪಾಸಕದಶಾಂಗದಲ್ಲಿದೆ. ಪೋಲಾಸಪುರದ ಸದ್ದಾಲಪುತ್ತ ಕುಂಬಾರ, ಆಜೀವಿಕರ ಶ್ರಾವಕ, ಅಂದರೆ ಗೃಹಸ್ಥ ಅನುಯಾಯಿ. ಊರ ಹೊರಗೆ ಅವನಿಗೆ ಐನೂರು ಮಡಕೆ ಅಂಗಡಿಗಳು, ಕೈಕೆಳಗೆ ಬೇಕಾದಷ್ಟು ಆಳುಗಳು. ಒಂದು ದಿನ ಅವನು ಹಸಿ ಮಡಕೆಗಳನ್ನು ಒಳಗಿನಿಂದ ತಂದು ಬಿಸಿಲಿಗೆ ಇಡಿಸುತ್ತಿದ್ದಾಗ ಮಹಾವೀರ ಕೇಳುತ್ತಾನೆ, ಇವು ಆದದ್ದು ಹೇಗೆ? ಸದ್ದಾಲಪುತ್ತ ಕಸುಬುದಾರನ ಹಾಗೆಯೇ ಉತ್ತರ ಕೊಡುತ್ತಾನೆ: ಮೊದಲು ಇದು ಮಣ್ಣಾಗಿತ್ತು, ನೀರು ಹಾಕಿ ಕಲಸಿದೆವು, ಬೂದಿ ಸಗಣಿ ಸೇರಿಸಿ ಹದ ಮಾಡಿದೆವು, ತಿಗರಿಗೆ ಏರಿಸಿದೆವು, ಮಡಕೆ ಹೂಜಿಗಳಾದವು. ಹಾಗಾದರೆ ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ? ಪ್ರಯತ್ನವಿಲ್ಲದೆ, ಎನ್ನುತ್ತಾನೆ ಸದ್ದಾಲಪುತ್ತ, ಎಲ್ಲವೂ ನಿಯತ. ಕಲಸಿದೆವು, ಸೇರಿಸಿದೆವು, ಏರಿಸಿದೆವು ಎಂದ ಬಾಯಲ್ಲೇ ಈ ಮಾತು ಬರುತ್ತದೆ. ಮಹಾವೀರ ಅದನ್ನು ಎತ್ತಿ ಆಡುವುದಿಲ್ಲ. ಬೇರೆ ಪ್ರಶ್ನೆ ಕೇಳುತ್ತಾನೆ: ನಿನ್ನ ಆಳೊಬ್ಬ ಈ ಮಡಕೆಗಳನ್ನು ಕದ್ದರೆ, ಒಡೆದರೆ, ಅಥವಾ ನಿನ್ನ ಹೆಂಡತಿ ಅಗ್ನಿಮಿತ್ರೆಯ ಮೇಲೆ ಕೈಹಾಕಿದರೆ ಏನು ಮಾಡುತ್ತೀ? ಬೈಯುತ್ತೇನೆ, ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ, ಕೊಂದರೂ ಕೊಂದೇನು. ಯಾಕೆ? ಎಲ್ಲ ನಿಯತಿಯಾದರೆ ಒಡೆದವನು ಯಾರೂ ಇಲ್ಲವಲ್ಲ, ನೀನು ಹೊಡೆಯುವುದು ಯಾರನ್ನು? ಒಡೆದವನು ಒಬ್ಬನಿದ್ದರೆ, ಪುರುಷಕಾರ ಇಲ್ಲವೆಂಬ ನಿನ್ನ ಮಾತು ಸುಳ್ಳು. ಸದ್ದಾಲಪುತ್ತನಿಗೆ ಅರ್ಥವಾಗುತ್ತದೆ.

ಈ ವಾದ ನಿಯತಿಯನ್ನು ತರ್ಕದಿಂದ ಉರುಳಿಸಿತು ಎಂದು ನಾನು ಹೇಳುವುದಿಲ್ಲ. ಒಡೆದದ್ದೂ ನಿಯತ, ನಾನು ಹೊಡೆಯುವುದೂ ನಿಯತ ಎಂದು ಸದ್ದಾಲಪುತ್ತ ಹಟ ಹಿಡಿದಿದ್ದರೆ ಚರ್ಚೆ ಮುಂದುವರಿಯುತ್ತಿತ್ತು. ಮಹಾವೀರನ ಪ್ರಶ್ನೆ ಬಯಲಿಗೆಳೆಯುವುದು ವಿಧಿಯನ್ನು ನಾವು ಬಳಸುವ ಬಗೆಯನ್ನು. ನಮ್ಮ ಗಾಡಿಗೆ ಹಿಂದಿನಿಂದ ಗುದ್ದಿದವನನ್ನು ಹಣೆಬರಹ ಎಂದು ಬಿಟ್ಟುಬಿಡುವವರಿಲ್ಲ. ಇಳಿದು ಹೋಗಿ ಕೇಳುತ್ತೇವೆ. ಸಾಲ ತಿಂದು ಓಡಿಹೋದವನ ಮೇಲೆ ಕೇಸು ಹಾಕುತ್ತೇವೆ. ಮಗ ಪರೀಕ್ಷೆಗೆ ಓದದಿದ್ದರೆ ಬೈಯುತ್ತೇವೆ. ಬೇರೆಯವರ ಕೆಲಸಕ್ಕೆ ಬಂದಾಗ ನಾವೆಲ್ಲರೂ ಪುರುಷಕಾರವಾದಿಗಳು. ದೈವ ನೆನಪಾಗುವುದು ನಾವೇ ಮಾಡಬೇಕಾಗಿದ್ದ, ಮಾಡದೆ ಬಿಟ್ಟ ಕೆಲಸದ ಎದುರಿಗೆ. ತನಗೊಂದು, ಇತರರಿಗೊಂದು ಎಂದು ಬಳಸುವ ಸಿದ್ಧಾಂತವನ್ನು ತತ್ತ್ವ ಎನ್ನಲು ಬರುವುದಿಲ್ಲ, ಅದು ನೆಪ.

ಯೋಗವಾಸಿಷ್ಠದ ಮುಮುಕ್ಷು ವ್ಯವಹಾರ ಪ್ರಕರಣ ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ವಸಿಷ್ಠ ರಾಮನಿಗೆ ಹೇಳುವ ಪ್ರಕಾರ, ದೈವ ಎಂಬ ಬೇರೊಂದು ಶಕ್ತಿಯೇ ಇಲ್ಲ. ಹಿಂದೆ ನಾವೇ ಮಾಡಿದ ಪ್ರಯತ್ನ ಈಗ ಫಲ ಕೊಡುವಾಗ ಅದಕ್ಕೆ ದೈವ ಎನ್ನುತ್ತೇವೆ. ನಿನ್ನೆಯ ಪ್ರಯತ್ನ, ಇಂದಿನ ಪ್ರಯತ್ನ ಎರಡು ಟಗರುಗಳ ಹಾಗೆ ಗುದ್ದಾಡುತ್ತವೆ, ಬಲವಿದ್ದದ್ದು ಗೆಲ್ಲುತ್ತದೆ. ವಸಿಷ್ಠನ ಧಾಟಿಯಲ್ಲಿ ಒಳ್ಳೆಯ ತುಂಟತನವೂ ಇದೆ. ಎಲ್ಲವನ್ನೂ ದೈವವೇ ಮಾಡುವುದಾದರೆ ಸ್ನಾನ, ದಾನ, ಮಂತ್ರ ಹೇಳುವುದು ಎಲ್ಲವನ್ನೂ ಅದೇ ಮಾಡಿಕೊಳ್ಳಲಿ ಎನ್ನುತ್ತಾನೆ. ದೊಡ್ಡ ಪಂಡಿತನಾಗುತ್ತಾನೆ ಎಂದು ಜೋಯಿಸರು ಹೇಳಿದ ಹುಡುಗ ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ ಪಂಡಿತನಾಗಲಿ, ದೀರ್ಘಾಯುಷ್ಯ ಎಂದು ಹೇಳಿಸಿಕೊಂಡವನು ತಲೆ ಕತ್ತರಿಸಿದರೂ ಬದುಕಿರಲಿ, ಆಗ ದೈವವೇ ದೊಡ್ಡದೆಂದು ಒಪ್ಪೋಣ ಎನ್ನುತ್ತಾನೆ. ಮಹಾಭಾರತದ ಅನುಶಾಸನ ಪರ್ವ ಇಷ್ಟು ಖಾರವಾಗಿಲ್ಲ. ಯುಧಿಷ್ಠಿರ ಇದೇ ಪ್ರಶ್ನೆ ಕೇಳಿದಾಗ ಭೀಷ್ಮ ಕೊಡುವ ಉತ್ತರದಲ್ಲಿ ದೈವವೇ ಬೀಜ, ಪುರುಷಕಾರವೇ ಹೊಲ. ಉಳದ ಹೊಲದಲ್ಲಿ ಎಂಥ ಬೀಜವೂ ವ್ಯರ್ಥ. ದೈವವನ್ನು ಪೂರ್ತಿ ಒಪ್ಪಿಕೊಂಡೂ ಕೂತಿರಲು ಈ ಉತ್ತರ ಅನುಮತಿ ಕೊಡುವುದಿಲ್ಲ ಎಂಬುದು ಗಮನಿಸಬೇಕಾದದ್ದು.

ಇಲ್ಲಿ ಜಾಣ ಓದುಗರು ಒಂದು ಆಕ್ಷೇಪ ಎತ್ತಬಹುದು. ನಾನು ಪ್ರಯತ್ನ ಮಾಡುವುದೋ ಬಿಡುವುದೋ ಅದೂ ಮೊದಲೇ ತೀರ್ಮಾನವಾಗಿದ್ದರೆ? ಪ್ರಾಚೀನ ಗ್ರೀಕರು ಈ ವಾದಕ್ಕೆ ಸೋಮಾರಿ ವಾದ ಎಂದೇ ಹೆಸರಿಟ್ಟಿದ್ದರು. ರೋಗ ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯ ಬೇಕಿಲ್ಲ, ವಾಸಿಯಾಗದಿರುವುದೇ ವಿಧಿಯಾದರೆ ವೈದ್ಯ ಬಂದೂ ಉಪಯೋಗವಿಲ್ಲ. ಅಂತೂ ವೈದ್ಯನನ್ನು ಕರೆಸುವುದು ದಂಡ. ಇದಕ್ಕೆ ಉತ್ತರ ಕೊಟ್ಟವನು ವಿಧಿಯನ್ನು ನಂಬದವನಲ್ಲ. ಎಲ್ಲವೂ ವಿಧಿ ಎಂದೇ ನಂಬಿದ್ದ ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್, ಕ್ರಿ.ಪೂ. ಮೂರನೇ ಶತಮಾನದವನು. ವಾಸಿಯಾಗುವುದು ವಿಧಿಯಾದರೆ ವೈದ್ಯನನ್ನು ಕರೆಸುವುದೂ ಅದರ ಜೊತೆಗೇ ವಿಧಿಸಲ್ಪಟ್ಟಿದೆ, ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ ಎಂದ ಆತ. ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ವಿಧಿಯ ಕುರಿತ ಪುಸ್ತಕದಲ್ಲಿ ಈ ಉತ್ತರ ಉಳಿದಿದೆ. ವಿಧಿ ನಿಜವೇ ಆದರೂ ಅದು ನಮ್ಮ ಕೈಯ ಮೂಲಕವೇ ಕೆಲಸ ಮಾಡಬೇಕು. ಜೊತೆಗೆ, ಅದರಲ್ಲಿ ಏನಿದೆ ಎಂಬುದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ತೀರ್ಪನ್ನು ನಮ್ಮ ವಿರುದ್ಧವೇ ಬಂದಿದೆ ಎಂದು ಓದಿಕೊಂಡು ಸುಮ್ಮನಾಗುವುದಕ್ಕೆ ಯಾವ ಆಧಾರವೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು, ಅದರಲ್ಲಿ ನ್ಯಾಯವೂ ಇದೆ. ಎಲ್ಲ ನಿನ್ನ ಪ್ರಯತ್ನದಲ್ಲಿದೆ ಎಂಬುದು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವ ಮಾತಲ್ಲವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆಯಿದೆ, ಆದರೆ ನೆಲ ನಿಜಕ್ಕೂ ಡೊಂಕಾಗಿರುವ ಅಂಗಳಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ದೈವವೆಂದರೆ ನಿನ್ನದೇ ಹಿಂದಿನ ಕರ್ಮ ಎಂಬ ಯೋಗವಾಸಿಷ್ಠದ ಮಾತನ್ನು ಬಡವನ, ದಲಿತನ ಮುಂದೆ ಹಿಡಿದರೆ ಅದು ಸಿದ್ಧಾಂತವಾಗಿ ಉಳಿಯುವುದಿಲ್ಲ, ಕ್ರೌರ್ಯವಾಗುತ್ತದೆ. ಶತಮಾನಗಳ ಕಾಲ ಹಾಗೆ ಹಿಡಿಯಲಾಗಿದೆ ಕೂಡ. ಆ ಮಾತಿಗೆ ಒಂದು ತಿದ್ದುಪಡಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ: ಹಣೆಬರಹ ಎನ್ನಿಸಿಕೊಂಡದ್ದರಲ್ಲಿ ಬಹುಪಾಲು ಬೇರೆಯವರು ಮಾಡಿಟ್ಟದ್ದು. ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಯ ನೀರನ್ನು ಅಸ್ಪೃಶ್ಯರೆನಿಸಿಕೊಂಡವರು ಮುಟ್ಟಬಾರದು ಎಂದು ಬರೆದದ್ದು ಬ್ರಹ್ಮನಲ್ಲ. ಅಲ್ಲಿನ ಪುರಸಭೆ ಕೆರೆ ಎಲ್ಲರದು ಎಂದು ಠರಾವು ಮಾಡಿದ ಮೇಲೂ ಊರವರು ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಮೇಲ್ಜಾತಿಯವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ತೀರ್ಪು ದಲಿತರ ಪರವಾಗಿ ಬಂದದ್ದು 1937ರಲ್ಲಿ. ಮನುಷ್ಯರು ಕಟ್ಟಿದ್ದನ್ನು ಮನುಷ್ಯರು ಕೆಡವಬಹುದು, ಆದರೆ ಒಬ್ಬನ ಕೈಯಲ್ಲಿ ಅಲ್ಲ, ಒಂದು ದಿನದಲ್ಲೂ ಅಲ್ಲ. ವಿಧಿಯೆಂದು ಒಪ್ಪಿಕೊಂಡಿದ್ದರೆ ಅದು ವಿಧಿಯಾಗಿಯೇ ಉಳಿಯುತ್ತಿತ್ತು.

ಹಾಗೆಂದು ಗೆದ್ದವರನ್ನು ತೋರಿಸಿ ಸೋತವರನ್ನು ಹಂಗಿಸುವುದೂ ತಪ್ಪು. ನಂಜನಗೂಡು ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾದವರು. ಆ ಕಾಲದ ಲೆಕ್ಕದಲ್ಲಿ ಅಲ್ಲಿಗೆ ಅವರ ಕಥೆ ಮುಗಿಯಬೇಕಿತ್ತು. ಮನೆಯಲ್ಲೇ ಓದಿ, 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಆರಂಭಿಸಿ, ಕಾದಂಬರಿ ಬರೆದು, ಪತ್ರಿಕೆಯನ್ನೂ ನಡೆಸಿದರು. ಅವರ ಶ್ರಮ ದೊಡ್ಡದು. ಓದಲು ಬಿಟ್ಟ ತಂದೆ ಅವರಿಗಿದ್ದರು ಎಂಬುದೂ ಅಷ್ಟೇ ದೊಡ್ಡದು. ಅಷ್ಟೇ ಬುದ್ಧಿ, ಅಷ್ಟೇ ಹಟವಿದ್ದೂ ಅಂಥ ತಂದೆಯಿಲ್ಲದೆ ಅಡುಗೆಮನೆಯ ಕತ್ತಲಲ್ಲೇ ಮುಗಿದುಹೋದ ಹೆಣ್ಣುಮಕ್ಕಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಅವರು ಮಾಡಿದರು, ನಿನಗೇನು ರೋಗ ಎಂದು ಕೇಳುವವರು ಈ ಅರ್ಧವನ್ನು ಮುಚ್ಚಿಟ್ಟು ಮಾತಾಡುತ್ತಾರೆ. ಗೆಲುವಿನ ಗುಟ್ಟು ಹೇಳಿಕೊಡುವ ಭಾಷಣಕಾರರ ಬಂಡವಾಳವೇ ಇದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇವರಿಗೂ ಬುದ್ಧಿ ಹೇಳುತ್ತದೆ. ಯಾವ ಕೆಲಸಕ್ಕೂ ಐದು ಕಾರಣಗಳು ಸೇರಬೇಕು ಎನ್ನುತ್ತದೆ ಅದು: ಅಧಿಷ್ಠಾನ, ಕರ್ತೃ, ಕರಣಗಳು ಅಂದರೆ ಸಾಧನಗಳು, ಬಗೆಬಗೆಯ ಚೇಷ್ಟೆಗಳು ಅಂದರೆ ಕ್ರಿಯೆಗಳು, ಐದನೆಯದಾಗಿ ದೈವ. ಎಲ್ಲ ನಾನೊಬ್ಬನೇ ಮಾಡಿದೆ ಎನ್ನುವವನನ್ನು ಗೀತೆ ದುರ್ಮತಿ ಎಂದು ಕರೆಯುತ್ತದೆ. ಎಲ್ಲ ದೈವವೇ ಎನ್ನುವವನಿಗೂ ಅಲ್ಲಿ ಜಾಗವಿಲ್ಲ, ಯಾಕೆಂದರೆ ಐದರಲ್ಲಿ ಅದು ಒಂದು, ಅದೂ ಕೊನೆಯದು.

ಆಸೆಪಟ್ಟದ್ದನ್ನೆಲ್ಲ ಬೆನ್ನಟ್ಟಲೇಬೇಕೇ, ಇದ್ದುದರಲ್ಲಿ ತೃಪ್ತಿಯಾಗಿರುವುದು ತಪ್ಪೇ ಎಂದು ಕೇಳುವವರಿದ್ದಾರೆ. ಖಂಡಿತ ತಪ್ಪಲ್ಲ. ತಂದೆ ತಾಯಿಯನ್ನು ನೋಡಿಕೊಳ್ಳುವುದು ತನ್ನ ಸಂಗೀತಕ್ಕಿಂತ ಮುಖ್ಯ ಎಂದು ತೂಗಿ ನೋಡಿ ಸಂಗೀತ ಬಿಟ್ಟವರು ನೆಪ ಹೇಳುತ್ತಿಲ್ಲ. ಅವರು ಆರಿಸಿಕೊಂಡಿದ್ದಾರೆ, ಅದೂ ಪುರುಷಕಾರವೇ. ನಾನೇ ಬಿಟ್ಟೆ ಎಂದು ಅವರು ಹೇಳಬಲ್ಲರು. ವಿಧಿ ಬಿಡಿಸಿತು ಎನ್ನುವವರು ಆ ಮಾತನ್ನೂ ತಮ್ಮದಾಗಿಸಿಕೊಳ್ಳುವುದಿಲ್ಲ, ಹಾಗಾಗಿ ಹಳೆಯ ಆಸೆ ಅವರನ್ನು ಬಿಡುವುದೂ ಇಲ್ಲ. ಕಾರಣ ಯಾವುದು, ನೆಪ ಯಾವುದು ಎಂದು ತಿಳಿಯುವುದಕ್ಕೆ ಒಂದು ಸುಲಭದ ಪರೀಕ್ಷೆಯಿದೆ: ಕಾರಣವನ್ನು ತೆಗೆದರೆ ಕೆಲಸ ಹೊರಡುತ್ತದೆ, ನೆಪವನ್ನು ತೆಗೆದರೆ ಆ ಜಾಗಕ್ಕೆ ಇನ್ನೊಂದು ನೆಪ ಬಂದು ಕೂರುತ್ತದೆ. ದುಡ್ಡು ಬಂದ ಮೇಲೆ ಪುರುಸೊತ್ತಿಲ್ಲ, ಪುರುಸೊತ್ತು ಸಿಕ್ಕ ಮೇಲೆ ವಯಸ್ಸಾಯಿತು.

ಮನಸ್ಸಿನಲ್ಲಿ ಬಹಳ ದಿನದಿಂದ ಉಳಿದಿರುವ ಕೆಲಸ ನಿಮಗೂ ಒಂದಿದ್ದರೆ, ಗೀತೆಯ ಪಟ್ಟಿಯನ್ನು ಮೇಲಿನಿಂದ ಓದಿ. ಅಧಿಷ್ಠಾನ ಎಂದರೆ ದೇಹ ಎಂದು ಶಂಕರರು ಅರ್ಥ ಹೇಳುತ್ತಾರೆ. ಅದು ತಡೆದುಕೊಂಡೀತೇ ನೋಡಿಕೊಳ್ಳಿ. ಕರ್ತೃ, ಅಂದರೆ ನೀವು, ಇದನ್ನು ನಿಜವಾಗಿ ಬಯಸುತ್ತೀರೋ ಅಥವಾ ಬಯಸುತ್ತೇನೆಂದು ಹೇಳಿಕೊಳ್ಳುವುದೇ ಸಾಕಾಗಿದೆಯೋ ಕೇಳಿಕೊಳ್ಳಿ. ಕರಣಗಳಲ್ಲಿ ಯಾವುದು ಕೊರತೆ, ಅದನ್ನು ಯಾರ ಹತ್ತಿರ ಕೇಳಬಹುದು, ಒಬ್ಬರಿಂದ ಆಗದಿದ್ದರೆ ಯಾರ ಜೊತೆ ಸೇರಬೇಕು ಎಂದು ವಿಚಾರಿಸಿ. ಇಲ್ಲಿಯವರೆಗೆ ಎಷ್ಟು ಚೇಷ್ಟೆ ಮಾಡಿದ್ದೀರಿ ಎಂದು ಎಣಿಸಿ ನೋಡಿ. ಸೊನ್ನೆ ಬಂದರೂ ನಾಚಿಕೆಯೇನಿಲ್ಲ, ಬರೆದಿಟ್ಟುಕೊಳ್ಳಿ. ಈ ನಾಲ್ಕರ ಲೆಕ್ಕ ಮುಗಿಯಲಿ. ಐದನೆಯದರ ವಿಷಯ ಆಮೇಲೆ ಮಾತಾಡೋಣ.